ಎರಡು ಸಲ ‘ಹಿಂದೆ’

ಜನವರಿ 8

ಅಕ್ಕನಿಗೆ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಭಾವ ಎತ್ತಿ, "ಅವಳು ಸ್ನಾನಕ್ಕೆ ಹೋಗಿದಾಳಮ್ಮ" ಎನ್ನುತ್ತಾರೆ. ಮೂರು ವರ್ಷದಿಂದ ನೀನು ಸ್ನಾನ ಮಾಡುತ್ತಲೇ ಇದ್ದೀಯ. ಅದಕ್ಕೇ ಈ ಕಾಗದ. ಪೊಟ್ಟಣ ಕಟ್ಟಿದ ಹಳೇ ಪೇಪರನ್ನೂ ಬಿಡಿಸಿ ಓದುವವಳು ನೀನು. ಇದನ್ನು ಓದದೆ ಎಸೆಯುವುದು ನಿನ್ನಿಂದಾಗದು ಎಂಬ ಧೈರ್ಯ ನನಗಿದೆ.

ವಿಷಯಕ್ಕೆ ಬರುತ್ತೇನೆ. ನಿಮ್ಮ ಲ್ಯಾಬಿನ ಸಾಫ್ಟ್‌ವೇರನ್ನು ಬುಡದಿಂದ ಹೊಸದಾಗಿ ಮಾಡುತ್ತಿದ್ದೇವೆ. ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋಗುವುದು ಹೇಗೆ, ಹೋದವರು ವಾಪಸ್ ಬರುವುದು ಹೇಗೆ ಎಂದು ದಾರಿ ಹಾಕುವ ಕೆಲಸ ಮೊದಲಿನಂತೆ ನನ್ನದೇ. ಜನ ಬಣ್ಣ ನೋಡುತ್ತಾರೆ, ಅಕ್ಷರ ನೋಡುತ್ತಾರೆ. ದಾರಿಯನ್ನು ಯಾರೂ ನೋಡುವುದಿಲ್ಲ, ನೋಡಬೇಕಾಗಿ ಬರಲೂಬಾರದು. ದಾರಿ ಕಣ್ಣಿಗೆ ಬಿತ್ತೆಂದರೆ ಯಾರೋ ಎಡವಿದರು ಎಂದೇ ಅರ್ಥ. ಹದಿನೈದು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಇದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಆಫೀಸಿನಲ್ಲಿಲ್ಲ. ಜಂಬ ಎಂದರೆ ಜಂಬ.

ನಮ್ಮವರಿಬ್ಬರು ನಿಮ್ಮ ಲ್ಯಾಬಿಗೆ ಬಂದು ನಾಲ್ಕು ದಿನ ಕೂತು, ಯಾರು ಹೇಗೆ ಕೆಲಸ ಮಾಡುತ್ತಾರೆ ಎಂದು ಬರೆದುಕೊಂಡು ಬಂದರು. ಎಲ್ಲರೂ ಪರದೆ ನೋಡಿಕೊಂಡು, ಮೌಸ್ ಹಿಡಿದುಕೊಂಡು ಕೆಲಸ ಮಾಡುತ್ತಾರಂತೆ. ಕೊನೆಯ ದಿನ ನಿಮ್ಮ ಲ್ಯಾಬಿನ ಮುಖ್ಯಸ್ಥೆ ಡಾಕ್ಟರಮ್ಮ ಹೇಳಿದರಂತೆ: "ಪರದೆ ನೋಡದೇನೇ ಕೆಲಸ ಮಾಡೋರು ಒಬ್ರಿದ್ರು. ಈಗ ಅವರು ಕಿಟಕೀಲಿ ಕೂರ್ತಾರೆ."

ಅವರು ಯಾರು ಎಂದು ನಮ್ಮವರಿಗೆ ಗೊತ್ತಿಲ್ಲ. ನನಗೆ ಗೊತ್ತು. ನಿನ್ನ ಕೈ ಯಾವ ಕೀಲಿಯಿಂದ ಯಾವ ಕೀಲಿಗೆ ಹೋಗುತ್ತಿತ್ತು ಎಂದು ಬರೆದು ಕಳಿಸುತ್ತೀಯಾ? ನಿನ್ನ ಕೈಗೆ ಒಗ್ಗುವ ದಾರಿ ಹಾಕಿದರೆ ಬೇರೆ ಯಾರಿಗಾದರೂ ಒಗ್ಗುತ್ತದೆ.

ನಿನ್ನ,
ತಂಗಿ

ಜನವರಿ 24

ಮಾನ್ಯ ವಿನ್ಯಾಸಕಿಯವರಿಗೆ,

ತಮ್ಮ ಕಾಗದ ತಲುಪಿತು. ತಾವು ತಮ್ಮ ಕೆಲಸದಲ್ಲಿ ಎಲ್ಲರನ್ನೂ ಮೀರಿಸಿದ್ದೀರಿ ಎಂದು ತಿಳಿದು ಸಂತೋಷವಾಯಿತು. ತಾವು ಚಿಕ್ಕವರಿದ್ದಾಗ ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಂಡು ಶಾಲೆಯವರೆಗೂ ಹೋಗಿ ಬಂದದ್ದನ್ನು ಈ ಹೊತ್ತಿನಲ್ಲಿ ನೆನೆಯುವುದು ಸರಿಯಲ್ಲ.

ನಾನು ಕಿಟಕಿಯಲ್ಲಿದ್ದೇನೆ. ಜನ ಟ್ಯೂಬು ತಂದು ಕೊಡುತ್ತಾರೆ, ನಾನು ಚೀಟಿ ಅಂಟಿಸಿ ಒಳಗೆ ಕಳಿಸುತ್ತೇನೆ. ಇಪ್ಪತ್ತೆರಡು ವರ್ಷ ಮೈಕ್ರೋಸ್ಕೋಪಿನಲ್ಲಿ ರಕ್ತದ ಕಣ ಎಣಿಸಿದವಳಿಗೆ ಈಗ ಅಂಟಿನ ವಾಸನೆ. ಮೂರು ವರ್ಷದ ಹಿಂದಿನ ಮಾತು. ಒಬ್ಬ ಬಸ್ ಚಾಲಕ, ವರ್ಷಕ್ಕೊಮ್ಮೆ ಮೈ ಸರಿಯಿದೆ ಎಂಬ ಸರ್ಟಿಫಿಕೇಟಿಗಾಗಿ ಬರುವ ಗಟ್ಟಿಮುಟ್ಟಾದ ಮನುಷ್ಯ. ಅವನ ಹೆಸರಿನಲ್ಲಿ ನಾನು ಇನ್ನೊಬ್ಬ ರೋಗಿಯ ಎಣಿಕೆ ಹಾಕಿದೆ. ನಿಮಗೆ ರಕ್ತದ ಕ್ಯಾನ್ಸರ್ ಇರಬಹುದು ಎಂದು ಅವನಿಗೆ ಹೇಳಿದರು. ಮೂರು ದಿನ ಅವನ ಮನೆಯಲ್ಲಿ ಒಲೆ ಹಚ್ಚಲಿಲ್ಲವಂತೆ. ಮತ್ತೆ ಪರೀಕ್ಷೆ ಮಾಡಿದಾಗ ಎಲ್ಲ ಸರಿಯಿತ್ತು. ಅದನ್ನು ಕೇಳಿ ಅವನ ಹೆಂಡತಿ ಇದೇ ಕಿಟಕಿಯ ಮುಂದೆ ಕುಸಿದು ಕೂತು ಅತ್ತಳು.

ವಿಚಾರಣೆಯ ದಿನ, ಕೀಲಿಗಳನ್ನು ನಾನು ಸರಿಯಾಗಿಯೇ ಒತ್ತಿದೆ ಎನ್ನಲು ಬಾಯಿ ತೆರೆದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಕ್ಕಾರು ಎನಿಸಿ ಮುಚ್ಚಿಕೊಂಡೆ. ಆಮೇಲೆ ನಿಮ್ಮ ಕಂಪನಿಯ ಕಾಗದ ಓದಿದರು. ‘ಸಾಫ್ಟ್‌ವೇರ್ ವಿನ್ಯಾಸದಂತೆಯೇ ಕೆಲಸ ಮಾಡುತ್ತಿದೆ.’ ಕೆಳಗೆ ನಿನ್ನ ಸಹಿ. ಆ ಸಹಿ ಹಾಕುವುದನ್ನು ಕೈ ಹಿಡಿದು ಕಲಿಸಿದವಳು ನಾನು. ಒಂದು ಸಲ ಬಂದು "ಅಕ್ಕಾ, ಏನಾಯ್ತೇ?" ಎಂದು ಕೇಳಲಿಲ್ಲವಲ್ಲೇ ನೀನು!

ಆವತ್ತಿನಿಂದ ನನ್ನ ಕೈಯನ್ನು ನಾನೇ ನಂಬುವುದಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಎರಡು ಸಲ ಹೋಗಿ ನೋಡುತ್ತೇನೆ. ಬೀಗ ಹಾಕಿ ಎಳೆದು ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಎಳೆಯುತ್ತೇನೆ. ಅಂಥ ಕೈಯ ದಾರಿ ನಿನಗೆ ಬೇಕಂತೆ.

ಬೇಕಾದರೆ ತಗೋ. ಎಡಗೈ ಸ್ಲೈಡಿನ ಮೇಲೆ, ಬಲಗೈ ಕೀಬೋರ್ಡಿನ ಮೇಲೆ, ಕಣ್ಣು ಮೈಕ್ರೋಸ್ಕೋಪಿನಲ್ಲಿ. ಒಂದೊಂದು ಬಗೆಯ ಕಣಕ್ಕೆ ಒಂದೊಂದು ಕೀಲಿ. ನೂರಾದ ಕೂಡಲೇ ಟಿಣ್ ಎನ್ನುತ್ತದೆ. ಉಳಿಸು. ‘ಹಿಂದೆ’ ಒಂದು ಸಲ, ರೋಗಿಯ ಪುಟ. ‘ಹಿಂದೆ’ ಇನ್ನೊಂದು ಸಲ, ದಿನದ ಪಟ್ಟಿ. ಕೆಳಗೆ ಒಂದು ಸಾಲು. ‘ಒಳಗೆ’, ‘ಒಳಗೆ’. ಅಷ್ಟರಲ್ಲಿ ಎಡಗೈ ಮುಂದಿನ ಸ್ಲೈಡ್ ಇಟ್ಟಾಗಿರುತ್ತದೆ. ದಿನಕ್ಕೆ ಎಂಬತ್ತು ಸ್ಲೈಡ್. ಬೇರೆಯವರು ಐವತ್ತಕ್ಕೇ ಸುಸ್ತು.

ಇತಿ,
ಮಾದರಿ ಸ್ವೀಕರಿಸುವ ಕಿಟಕಿಯಿಂದ,
ನಿನ್ನ ಅಕ್ಕ

ಫೆಬ್ರವರಿ 3

ಅಕ್ಕನಿಗೆ,

ನೀನು ‘ತಾವು’ ಎಂದು ಶುರುಮಾಡಿ ನಡುವೆಯೇ ‘ನೀನು’ ಎಂದದ್ದನ್ನು ಮೂರು ಸಲ ಓದಿದೆ.

ಕೇಳಬೇಕಿತ್ತು. ಬರಬೇಕಿತ್ತು. ಅದರ ಬಗ್ಗೆ ಬರೆಯಲು ಕೂತರೆ ಈ ಕಾಗದ ಹೊರಡುವುದಿಲ್ಲ, ಆದ್ದರಿಂದ ಕೆಲಸದ ಮಾತು ಬರೆಯುತ್ತೇನೆ.

ಜೊತೆಗೆ ಏಳು ಹಾಳೆ ಇಟ್ಟಿದ್ದೇನೆ. ಒಂದೊಂದೂ ಹೊಸ ಸಾಫ್ಟ್‌ವೇರಿನ ಒಂದೊಂದು ಪುಟ, ಪೆನ್ಸಿಲಿನಲ್ಲಿ ಬಿಡಿಸಿದ್ದು. ನಾವು ಕಂಪ್ಯೂಟರಿಗೆ ಹಾಕುವ ಮೊದಲು ಹೀಗೆ ಕಾಗದದ ಮೇಲೆಯೇ ಆಡಿಸಿ ನೋಡುತ್ತೇವೆ. ಒಬ್ಬರು ಕಂಪ್ಯೂಟರ್ ಆಗಬೇಕು. ನೀನು ಕೀಲಿಯ ಹೆಸರು ಹೇಳಿದರೆ ಅವರು ಆ ಪುಟವನ್ನು ನಿನ್ನ ಮುಂದಿಡಬೇಕು. ಭಾವನಿಗೆ ಹೇಳು. ಬಾಯಿ ಬಿಡದೆ ಹೇಳಿದ್ದನ್ನು ಮಾಡುವ ಅಭ್ಯಾಸ ಅವರಿಗೆ ಮೊದಲಿನಿಂದಲೂ ಇದೆ.

ಈ ಸಲ ನನ್ನ ನಿಯಮ ಒಂದೇ. ‘ಹಿಂದೆ’ ಎಂದರೆ ಒಂದು ಮೆಟ್ಟಿಲು ಮೇಲಕ್ಕೆ, ಯಾವಾಗಲೂ. ಈಗಷ್ಟೇ ಏನು ನೋಡುತ್ತಿದ್ದಿರಿ, ನಿನ್ನೆ ಎಲ್ಲಿದ್ದಿರಿ ಎಂದು ಯಂತ್ರ ಊಹೆ ಮಾಡಕೂಡದು. ಊಹೆ ಮಾಡುವ ಯಂತ್ರ ನೂರರಲ್ಲಿ ತೊಂಬತ್ತೊಂಬತ್ತು ಸಲ ಸರಿ ಎನಿಸಿಕೊಳ್ಳುತ್ತದೆ, ಆ ಒಂದು ಸಲಕ್ಕೆ ಮನುಷ್ಯರು ಬೈಸಿಕೊಳ್ಳುತ್ತಾರೆ. ಆಫೀಸಿನಲ್ಲಿ ಇದಕ್ಕಾಗಿ ಎರಡು ವಾರ ಜಗಳ ಆಡಿ ಗೆದ್ದಿದ್ದೇನೆ.

ಆಡಿಸಿ ನೋಡಿ ಹೇಳು. ಮುಲಾಜು ಬೇಡ.

ನಿನ್ನ,
ತಂಗಿ

ಫೆಬ್ರವರಿ 19

ತಂಗಿಗೆ,

ಭಾನುವಾರ ಊಟದ ಮೇಜಿನ ಮೇಲೆ ಹಾಳೆ ಹರಡಿದೆವು. ನಿಮ್ಮ ಭಾವ ಕಂಪ್ಯೂಟರ್ ಆದರು. ಶುರುವಿಗೆ ಕನ್ನಡಕ ಹುಡುಕಲು ಹತ್ತು ನಿಮಿಷ ಹೋಯಿತು. ನಾನು ಕಣ್ಣು ಮುಚ್ಚಿ "ಹಿಂದೆ, ಹಿಂದೆ, ಕೆಳಗೆ, ಒಳಗೆ, ಒಳಗೆ" ಎಂದೆ. ಅವರು "ಸ್ವಲ್ಪ ತಡಿಯೇ, ನಾನೇನು ಯಂತ್ರಾನಾ?" ಎಂದರು. ಹೌದು, ಈಗ ನೀವು ಯಂತ್ರವೇ ಎಂದೆ. ಅರ್ಧ ಗಂಟೆಯ ಮೇಲೆ ಕಂಪ್ಯೂಟರಿಗೆ ಕಾಫಿ ಬೇಕಾಯಿತು.

ಹೇಳಲೇಬೇಕು, ಚೆನ್ನಾಗಿದೆ. ಎಲ್ಲೂ ಕೈ ತಡವರಿಸಲಿಲ್ಲ. ಮೂರು ವರ್ಷದ ಮೇಲೆ ಬೆರಳುಗಳು ತಾವಾಗಿಯೇ ಮೇಜಿನ ಮೇಲೆ ಓಡಿದವು. ನಿಮ್ಮ ಭಾವ ಅದನ್ನು ನೋಡಿ ಆ ಕಡೆ ಮುಖ ತಿರುಗಿಸಿಕೊಂಡರು.

ಎರಡು ಮಾತು. ‘ಉಳಿಸು’ ಕೀಲಿಯನ್ನು ‘ಅಳಿಸು’ ಪಕ್ಕದಲ್ಲಿ ಇಟ್ಟಿದ್ದೀಯ, ಬುದ್ಧಿ ಎಲ್ಲಿಟ್ಟಿದ್ದೆ? ದೂರ ಮಾಡು.

ಇನ್ನೊಂದು. ನಾಲ್ಕನೇ ಹಾಳೆ, ಪಟ್ಟಿಗೂ ಪರೀಕ್ಷೆಗೂ ನಡುವಿನ ರೋಗಿಯ ಪುಟ. ಅದರ ತಲೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದೀಯ: ‘ಒಂದೇ ಪರೀಕ್ಷೆ ಇದ್ದರೂ ಈ ಪುಟವನ್ನು ಎಂದೂ ಹಾರಿಸಬಾರದು.’ ಕೆಳಗೆ ಎರಡು ಗೆರೆ. ಆರು ಹಾಳೆ ಪೆನ್ಸಿಲಿನಲ್ಲಿ, ಇದೊಂದಕ್ಕೆ ಕೆಂಪು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಿದೆಯಲ್ಲೇ" ಎಂದರು ನಿಮ್ಮ ಭಾವ, ತಮಾಷೆಗೆ. ನಾನೂ ನಕ್ಕೆ. ಆಮೇಲೆ ಪಾತ್ರೆ ತೊಳೆಯುತ್ತಾ ನಿಂತಾಗ ನಗು ನಿಂತುಹೋಯಿತು.

ಆ ಚಾಲಕನಿಗೆ ಇದ್ದದ್ದು ಒಂದೇ ಪರೀಕ್ಷೆ.

ಹಳೆಯದರಲ್ಲಿ ಈ ಪುಟವನ್ನು ಯಾರಾದರೂ ಹಾರಿಸಿದ್ದರೇ? ಆವತ್ತು ನನ್ನ ಕೈ ಎರಡು ಸಲ ‘ಹಿಂದೆ’ ಒತ್ತಿತೋ ಮೂರು ಸಲವೋ ಎಂದು ಸಾವಿರ ಸಲ ನೆನಪು ಮಾಡಿಕೊಂಡಿದ್ದೇನೆ. ನೀನು ಬಲ್ಲವಳು. ಹೇಳು.

ನಿನ್ನ ಅಕ್ಕ

ಮಾರ್ಚ್ 27

ಅಕ್ಕಾ,

ಐದು ವಾರ ತೆಗೆದುಕೊಂಡೆ. ನಾಲ್ಕು ಕಾಗದ ಬರೆದು ಹರಿದೆ. ನಾಲ್ಕರಲ್ಲೂ ನಾನು ಒಳ್ಳೆಯವಳಾಗಿ ಕಾಣುತ್ತಿದ್ದೆ. ಇದರಲ್ಲಿ ಕಾಣುವುದಿಲ್ಲ.

ಆ ಪುಟವನ್ನು ಹಾರಿಸಿದವಳು ನಾನು. ಚಾಲಕನ ವರದಿ ತಪ್ಪಾದ ವಾರವೇ ನಿಮ್ಮ ಲ್ಯಾಬಿಗೆ ಒಂದು ಅಪ್‌ಡೇಟ್ ಕಳಿಸಿದ್ದೆವು. ಒಂದೇ ಪರೀಕ್ಷೆ ಇರುವವರಿಗೆ ನಡುವಿನ ಪುಟ ಯಾಕೆ, ನೇರ ಪರೀಕ್ಷೆಗೆ ಹೋಗಲಿ, ಒಂದು ಒತ್ತು ಉಳಿಯಲಿ ಎಂದುಕೊಂಡೆ. ಅದನ್ನು ಉಪಕಾರ ಎಂದೇ ನಂಬಿದ್ದೆ. ಪಟ್ಟಿಯಲ್ಲಿ ನಿಂತು ಇನ್ನೊಮ್ಮೆ ‘ಹಿಂದೆ’ ಒತ್ತಿದರೆ ಕೊನೆಯಲ್ಲಿ ನೋಡಿದ ರೋಗಿಯ ಪರೀಕ್ಷೆ ಮತ್ತೆ ತೆರೆಯುವ ಹಾಗೆ ಅದಕ್ಕೂ ಮೊದಲೇ ಮಾಡಿದ್ದವಳೂ ನಾನೇ. ಅದೂ ಉಪಕಾರ.

ಎರಡು ಉಪಕಾರ ಸೇರಿ ಏನಾಯಿತು ನೋಡು. ಚಾಲಕನ ಎಣಿಕೆ ಮುಗಿಸಿ ನೀನು ಉಳಿಸಿದೆ. ‘ಹಿಂದೆ’ ಒಂದು ಸಲ ಒತ್ತಿದೆ. ನಡುವಿನ ಪುಟ ಇರಲಿಲ್ಲವಾದ್ದರಿಂದ ಆಗಲೇ ಪಟ್ಟಿಗೆ ಬಂದಿದ್ದೆ. ನಿನ್ನ ಕೈ ಯಾವತ್ತಿನಂತೆ ಎರಡನೆಯ ಸಲ ಒತ್ತಿತು. ಪಟ್ಟಿಯಿಂದ ಮತ್ತೆ ಚಾಲಕನ ಪರೀಕ್ಷೆಗೇ ಹೋಯಿತು. ಕೆಳಗೆ ಒತ್ತಿದ್ದು ಅಲ್ಲಿ ಲೆಕ್ಕಕ್ಕಿಲ್ಲ. ಮೊದಲ ‘ಒಳಗೆ’ ಒತ್ತಿದ್ದಕ್ಕೆ ಹೊಸ ಎಣಿಕೆ ಶುರುವಾಯಿತು, ಎರಡನೆಯದೂ ಲೆಕ್ಕಕ್ಕಿಲ್ಲ. ನೀನು ಮುಂದಿನ ರೋಗಿಯ ಸ್ಲೈಡ್ ಎಣಿಸಿದೆ, ಟಿಣ್ ಎಂದಿತು, ಉಳಿಸಿದೆ. ಚಾಲಕನ ಎಣಿಕೆಯ ಮೇಲೆ ಅದು ಕೂತಿತು. ಆವತ್ತಿನ ಪಟ್ಟಿಯಲ್ಲಿ ಒಂದೇ ಪರೀಕ್ಷೆ ಇದ್ದವನು ಅವನೊಬ್ಬನೇ, ಅವನಾದ ಮೇಲೆ ಉಳಿದದ್ದೂ ಒಂದೇ ಸ್ಲೈಡ್, ಅದಕ್ಕೇ ಬೇರೆ ಯಾರ ಹೆಸರಿಗೂ ತಪ್ಪು ಎಣಿಕೆ ಬೀಳಲಿಲ್ಲ.

ನಿನ್ನ ಕೈ ಎರಡೇ ಸಲ ಒತ್ತಿದ್ದು. ಮೂರು ಸಲ ಅಲ್ಲ.

ಪರದೆ ನೋಡಿಕೊಂಡು ಒತ್ತುವವರೆಲ್ಲ ಬಚಾವಾದರು. ಇಡೀ ಲ್ಯಾಬಿನಲ್ಲಿ ಎಲ್ಲರಿಗಿಂತ ಪಳಗಿದ ಕೈಗೆ ಮಾತ್ರ ಪೆಟ್ಟು ಬಿತ್ತು.

ಇದು ನನಗೆ ಯಾವಾಗ ತಿಳಿಯಿತು ಎಂಬುದನ್ನೂ ಬರೆಯಬೇಕು. ವಿಚಾರಣೆಗೆ ಸಹಿ ಹಾಕಿದಾಗ ತಿಳಿದಿರಲಿಲ್ಲ. ಅದಾಗಿ ಹನ್ನೊಂದು ದಿನಕ್ಕೆ ನಿನ್ನ ಹಾಗೆ ಕಣ್ಣು ಮುಚ್ಚಿ ಕೂತು ಒತ್ತಿ ನೋಡಿದೆ. ನಾಲ್ಕನೇ ಸಲಕ್ಕೆ ಸಿಕ್ಕಿತು. ಮರುದಿನವೇ ಎರಡನ್ನೂ ಸರಿಮಾಡಿ ಹೊಸ ಅಪ್‌ಡೇಟ್ ಕಳಿಸಿದೆ. ಏನು ಬದಲಾಯಿತು ಎಂಬ ಟಿಪ್ಪಣಿಯಲ್ಲಿ ‘ಸಣ್ಣಪುಟ್ಟ ಸುಧಾರಣೆಗಳು’ ಎಂದು ಬರೆದೆ. ಅಷ್ಟರಲ್ಲಿ ನಿನ್ನನ್ನು ಕಿಟಕಿಗೆ ಹಾಕಿದ್ದರು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡು ಸುಮ್ಮನಾದೆ. ನಾನು ಸಹಿ ಹಾಕಿದ ವಾಕ್ಯ ಸುಳ್ಳಲ್ಲ, ವಿನ್ಯಾಸದಂತೆಯೇ ಕೆಲಸ ಮಾಡಿತ್ತು, ವಿನ್ಯಾಸವೇ ತಪ್ಪಾಗಿತ್ತು ಎಂದು ನನಗೆ ನಾನೇ ವಾದ ಮಾಡಿಕೊಂಡೆ. ಮೂರು ವರ್ಷ ಅದೇ ವಾದ. ನಿನ್ನ ಗ್ಯಾಸಿನ ವಿಷಯ, ಬೀಗದ ವಿಷಯ ಓದುವವರೆಗೂ ನಡೆಯಿತು.

ನನಗೆ ನಾಚಿಕೆಯಾಗಿದೆ ಅಕ್ಕಾ. ಕ್ಷಮಿಸು ಎಂದು ಕೇಳುವಷ್ಟು ಮುಖವಿಲ್ಲ.

ತಂಗಿ

ಏಪ್ರಿಲ್ 2

ಕರೆಂಟು ಹೋದಾಗ ನಾನು ಅಡುಗೆಮನೆಯಿಂದ ನಡುಮನೆಗೆ ಏಳು ಹೆಜ್ಜೆ ಎಣಿಸಿಕೊಂಡು ಹೋಗುತ್ತಿದ್ದೆ. ಒಂದು ದಿನ ನೀನು ದಾರಿಯಲ್ಲಿ ಸ್ಟೂಲು ಇಟ್ಟಿದ್ದೆ, ಮೇಲಿನ ಡಬ್ಬಿ ತೆಗೆಯುವುದಕ್ಕೆ. ನನ್ನ ಮೊಣಕಾಲು ಒಡೆಯಿತು. "ನೋಡ್ಕೊಂಡು ನಡಿಯೋಕಾಗಲ್ವಾ?" ಎಂದು ಅಪ್ಪ ನನ್ನನ್ನೇ ಬೈದರು. ನೀನು ಬಾಗಿಲ ಹಿಂದೆ ನಿಂತಿದ್ದೆ. ಕೆಮ್ಮಲೂ ಇಲ್ಲ. ಆಗ ನಿನಗೆ ಆರು ವರ್ಷ, ಬಿಟ್ಟೆ. ಈಗ ನಲವತ್ತು.

ಇದನ್ನು ನನಗೆ ಬರೆದು ಏನು ಪ್ರಯೋಜನ? ನನ್ನ ಕಡತದಲ್ಲಿ ನಿನ್ನ ಸಹಿ ಇದೆ. ಎಲ್ಲಿ ಹಾಕಿದ್ದೀಯೋ ಅಲ್ಲೇ ಹೋಗಿ ಇನ್ನೊಂದು ಹಾಕು. ಅಲ್ಲಿಯವರೆಗೆ ನನಗೆ ಕಾಗದ ಬರೆಯಬೇಡ.

ಏಪ್ರಿಲ್ 9

ಲ್ಯಾಬಿನ ಮುಖ್ಯಸ್ಥರಿಗೆ,

ಮಾನ್ಯರೇ,

ಮೂರು ವರ್ಷಗಳ ಹಿಂದೆ ಬಸ್ ಚಾಲಕರೊಬ್ಬರ ರಕ್ತಪರೀಕ್ಷೆಯ ವರದಿ ತಪ್ಪಾದ ಬಗ್ಗೆ ನಡೆದ ವಿಚಾರಣೆಗೆ ನಾನು ಲಿಖಿತ ಹೇಳಿಕೆ ನೀಡಿದ್ದೆ. ಅದನ್ನು ಈ ಮೂಲಕ ಹಿಂತೆಗೆದುಕೊಳ್ಳುತ್ತಿದ್ದೇನೆ. ತಪ್ಪು ಆದದ್ದು ನಾನು ಮಾಡಿದ ವಿನ್ಯಾಸದಿಂದ. ಅದು ಹೇಗಾಯಿತು ಎಂಬುದನ್ನು ಒಂದೊಂದು ಕೀಲಿಯ ಲೆಕ್ಕದಲ್ಲಿ ಲಗತ್ತಿಸಿದ್ದೇನೆ. ಆ ದಿನದ ಹಳೆಯ ಸಾಫ್ಟ್‌ವೇರಿನ ಪ್ರತಿಯನ್ನೂ ಕಳಿಸುತ್ತಿದ್ದೇನೆ, ತಾವೇ ಒತ್ತಿ ನೋಡಬಹುದು. ವಿಚಾರಣೆಯ ನಂತರ ಹನ್ನೊಂದು ದಿನಕ್ಕೇ ಇದು ನನಗೆ ತಿಳಿದಿತ್ತು. ತಿಳಿಸಲಿಲ್ಲ.

ತಮ್ಮ ತಂತ್ರಜ್ಞೆ ಯಾವ ತಪ್ಪನ್ನೂ ಮಾಡಿಲ್ಲ. ಅವರು ನನ್ನ ಅಕ್ಕ ಎಂಬುದನ್ನೂ ಹೇಳಬೇಕು. ಆದ್ದರಿಂದ ನನ್ನ ಮಾತನ್ನು ಹಾಗೇ ನಂಬದೆ, ಬೇರೆಯವರಿಂದ ಪರೀಕ್ಷೆ ಮಾಡಿಸಿ ನಂಬಬೇಕಾಗಿ ಕೋರುತ್ತೇನೆ. ಆ ಚಾಲಕರಿಗೂ ಈ ಪತ್ರದ ಪ್ರತಿ ತಲುಪಬೇಕು.

ತಮ್ಮ ವಿಶ್ವಾಸಿ,
ವಿನ್ಯಾಸಕಿ

ಮೇ 30

ಅಕ್ಕಾ,

ಸಹಿ ಹಾಕಿದ್ದೇನೆ, ಆದ್ದರಿಂದ ಬರೆಯಬಹುದು ಎಂದುಕೊಂಡಿದ್ದೇನೆ.

ನಮ್ಮ ಮೇಲಿನವರು ಕರೆದು, "ಮೂರು ವರ್ಷದ ಹಿಂದೆ ಹೂತಿದ್ದನ್ನ ಈಗ ಯಾಕಮ್ಮ ಅಗೀತೀಯಾ?" ಎಂದರು. ಹೂತವಳು ನಾನೇ, ಜಾಗ ನನಗೇ ಗೊತ್ತು ಎಂದೆ. ಕೆಲಸ ಹೋಗಲಿಲ್ಲ. ಆದರೆ ಹೊಸ ಸಾಫ್ಟ್‌ವೇರನ್ನು ಬೇರೆಯವರಿಗೆ ಒಪ್ಪಿಸಿ, ನನ್ನನ್ನು ಒಂದು ವರ್ಷ ಸಹಾಯದ ಫೋನಿಗೆ ಕೂರಿಸಿದ್ದಾರೆ. ಬೆಳಿಗ್ಗೆಯಿಂದ ಸಂಜೆಯವರೆಗೆ "ಮೇಡಂ, ಪಟ್ಟಿ ಮಾಯ ಆಯ್ತು" ಎನ್ನುವವರಿಗೆ ಪಟ್ಟಿ ಹುಡುಕಿ ಕೊಡುತ್ತೇನೆ.

ನಿಜ ಹೇಳಬೇಕೆಂದರೆ, ಹದಿನೈದು ವರ್ಷದಲ್ಲಿ ಕಲಿಯದ್ದನ್ನು ಒಂದು ತಿಂಗಳಲ್ಲಿ ಕಲಿತೆ. ಜನ ದಾರಿ ತಪ್ಪಿದಾಗ ಯಂತ್ರವನ್ನು ಬೈಯುವುದಿಲ್ಲ. "ನಾನೇ ಏನೋ ತಪ್ಪು ಒತ್ತಿದೆ ಅನ್ಸುತ್ತೆ" ಎಂದೇ ಶುರುಮಾಡುತ್ತಾರೆ. ಹತ್ತರಲ್ಲಿ ಎಂಟು ಸಲ ಅವರು ತಪ್ಪು ಒತ್ತಿರುವುದಿಲ್ಲ. ಅದನ್ನು ಅವರಿಗೆ ಮೊದಲು ಹೇಳಿ ಆಮೇಲೆ ಪಟ್ಟಿ ಹುಡುಕುತ್ತೇನೆ. ನಾಲ್ಕನೇ ಹಾಳೆಯ ಕೆಂಪಕ್ಷರವನ್ನು ಮಾತ್ರ ಹೊಸಬರ ಮೇಜಿನ ಗೋಡೆಗೆ ಅಂಟಿಸಿ ಬಂದಿದ್ದೇನೆ. ‘ಉಳಿಸು’ವನ್ನೂ ದೂರ ಮಾಡಿಸಿದ್ದೇನೆ.

ನಿನ್ನ ವಿಷಯ ಏನಾಯಿತು? ಭಾವ ಫೋನಿನಲ್ಲಿ ಹೇಳಲಿಲ್ಲ. ಸ್ನಾನ ಎಂದರು.

ನಿನ್ನ,
ತಂಗಿ

ಆಗಸ್ಟ್ 17

ಚೂಟಿ,

ಈ ಹೆಸರು ಬರೆದು ಮೂರು ವರ್ಷವಾಯಿತು, ಪೆನ್ನು ಸ್ವಲ್ಪ ತಡೆಯಿತು.

ನೀನೂ ಕಿಟಕಿಗೆ ಬಂದೆಯಂತೆ. ಒಳ್ಳೆಯದು. ಮೈಗೆ ಹಿಡಿಸುತ್ತದೆ.

ಡಾಕ್ಟರಮ್ಮ ನಿನ್ನ ಕಾಗದವನ್ನು ನಂಬಲಿಲ್ಲ. ಅದು ಅವರ ಗುಣ. ಹೊರಗಿನಿಂದ ಇಬ್ಬರನ್ನು ಕರೆಸಿ ಹಳೆಯ ಸಾಫ್ಟ್‌ವೇರ್ ಹಾಕಿಸಿ, ಆ ದಿನದ ಪಟ್ಟಿಯನ್ನೇ ಇಟ್ಟು ಒತ್ತಿಸಿದರು. ಮೂರು ಸಲವೂ ಚಾಲಕನ ಎಣಿಕೆಯ ಮೇಲೆಯೇ ಹೋಗಿ ಕೂತಿತು. ಆಮೇಲೆ ನನ್ನನ್ನು ಕರೆದು, ಎಲ್ಲರ ಮುಂದೆ ಎದ್ದು ನಿಂತು, "ನೆಲಾನೇ ಡೊಂಕಿತ್ತಮ್ಮ, ನಾವು ನಿಮ್ಮ ಕಾಲು ನೋಡಿದ್ವಿ" ಎಂದರು. ಕಡತದಲ್ಲೂ ಬರೆಸಿದರು. ನಾನು ಅಲ್ಲಿ ಅಳಲಿಲ್ಲ. ಮನೆಗೆ ಬಂದು ಬೀಗ ತೆಗೆದು, ಒಳಗೆ ಕೂತು ಅತ್ತೆ. ಮರುದಿನ ಬೀಗ ಹಾಕಿ ಬಸ್ಸು ಹತ್ತಿದ ಮೇಲೆ ನೆನಪಾಯಿತು, ಎಳೆದು ನೋಡಿರಲಿಲ್ಲ ಎಂದು. ಇಳಿದು ವಾಪಸ್ ಹೋಗಲಿಲ್ಲ.

ಜೂನ್ ಒಂದರಿಂದ ಮೈಕ್ರೋಸ್ಕೋಪಿನ ಮುಂದೆ ಇದ್ದೇನೆ. ಮೊದಲ ವಾರ ದಿನಕ್ಕೆ ನಲವತ್ತು ಸ್ಲೈಡ್. ಈಗ ಎಪ್ಪತ್ತಾರು. ಹೊಸ ಸಾಫ್ಟ್‌ವೇರನ್ನು ಪರೀಕ್ಷೆಗೆಂದು ನನ್ನ ಯಂತ್ರಕ್ಕೇ ಹಾಕಿದ್ದಾರೆ. ‘ಹಿಂದೆ’ಯನ್ನು ಬೇಕೆಂದೇ ಹತ್ತು ಸಲ ಒತ್ತಿ ನೋಡಿದೆ. ಪಟ್ಟಿಗೆ ಬಂದದ್ದು ಪಟ್ಟಿಯಲ್ಲೇ ಗಟ್ಟಿಯಾಗಿ ಕೂತಿತು, ಕದಲಲಿಲ್ಲ. ದಾರಿ ಹಾಕುವುದು ನಿನಗೆ ಬರುತ್ತದೆ, ಒಪ್ಪಿದೆ.

ಜುಲೈ ತಿಂಗಳಿಡೀ ನಿನಗೆ ಬರೆಯಬಾರದು ಎಂದುಕೊಂಡಿದ್ದೆ. ಸಿಟ್ಟು ಆರಿರಲಿಲ್ಲ. ಈಗಲೂ ಪೂರ್ತಿ ಆರಿಲ್ಲ, ತಿಳಿದಿರಲಿ. ಆದರೆ ನಿನ್ನೆ ಆ ಚಾಲಕ ಬಂದ. ವರ್ಷದ ಸರ್ಟಿಫಿಕೇಟು, ಒಂದೇ ಪರೀಕ್ಷೆ. ಪಟ್ಟಿಯಲ್ಲಿ ಅವನ ಹೆಸರು ಕಂಡದ್ದೇ ಎದ್ದು ಕಿಟಕಿಗೆ ಹೋದೆ.

"ಆವತ್ತು ನಿಮ್ಮ ಸ್ಲೈಡ್ ಎಣಿಸಿದ್ದು ನಾನೇ" ಎಂದೆ.

ಅವನು ನನ್ನನ್ನೇ ನೋಡಿದ. "ಕಾಗದ ಬಂತಮ್ಮ. ಮನೆಯವಳು ಎರಡು ಸಲ ಓದಿಸಿದ್ಲು. ಇವತ್ತು ಯಾರು ಎಣಿಸ್ತಾರೆ?"

"ನಾನೇ."

"ಹಾಗಾದ್ರೆ ಬೇಗ ಎಣಿಸ್ಬಿಡಿ. ಹನ್ನೊಂದೂವರೆಗೆ ನನ್ನ ಬಸ್ಸು ಹೊರಡ್ಬೇಕು."

ಒಳಗೆ ಬಂದು ಕೂತೆ. ಅವನ ಸ್ಲೈಡ್ ಇಟ್ಟೆ. ಚೊಕ್ಕಟವಾದ ರಕ್ತ, ನೋಡಲು ಚಂದ. ನೂರಕ್ಕೆ ಟಿಣ್ ಎಂದಿತು. ಉಳಿಸಿದೆ. ಪಕ್ಕದಲ್ಲಿ ಕೂತವಳು ತನ್ನ ಕೆಲಸ ಬಿಟ್ಟು ನನ್ನ ಪರದೆಯನ್ನೇ ನೋಡುತ್ತಿದ್ದಾಳೆ ಎಂದು ಗೊತ್ತಾಯಿತು. ‘ಹಿಂದೆ’ ಒತ್ತಿದೆ, ಇನ್ನೊಂದು ಸಲ ಒತ್ತಿದೆ, ಕೆಳಗೆ, ‘ಒಳಗೆ’, ‘ಒಳಗೆ’. ಅಷ್ಟರಲ್ಲಿ ಎಡಗೈ ಮುಂದಿನ ಸ್ಲೈಡ್ ಇಟ್ಟಿತ್ತು. ಮೈಕ್ರೋಸ್ಕೋಪಿನಿಂದ ಕಣ್ಣು ಎತ್ತಲಿಲ್ಲ ಕಣೇ.

ಭಾನುವಾರ ಹತ್ತು ಗಂಟೆಗೆ ಫೋನ್ ಮಾಡು. ಅಷ್ಟೊತ್ತಿಗೆ ನನ್ನ ಸ್ನಾನ ಮುಗಿದಿರುತ್ತದೆ.

ನಿನ್ನ ಅಕ್ಕ